ಮಗನಿಗೆ 625ಕ್ಕೆ 391, ಪಿಸಿಎಂಬಿ ಬೇಡವಂತೆ, ಐಟಿಐಯೋ ಡಿಪ್ಲೊಮಾವೋ ಅಂತಾನೆ. ಮಂಡೆ ಬಿಸಿ ಆಗಿದೆ, ಸ್ವಲ್ಪ ಹೇಳಿ

ಕಿನ್ನಿಗೋಳಿ_ಅಮ್ಮ
ಮೇ 11, ರಾತ್ರಿ 9:40

ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗ್ತದೆ, ಪುರುಸೊತ್ತು ಇದ್ದವ್ರು ಓದಿ.

ನಮ್ಮ ಮಗನ ಎಸ್‌ಎಸ್‌ಎಲ್‌ಸಿ ರಿಸಲ್ಟ್ ಬಂತು, 625ಕ್ಕೆ 391. ಫಸ್ಟ್ ಕ್ಲಾಸ್ ಆಯ್ತಲ್ಲ ಅಂತ ನಾನು ಖುಷಿಯಲ್ಲಿ ಪಾಯಸ ಮಾಡಿದೆ, ಆಚೆಮನೆ ಹುಡುಗಿಗೆ 608 ಅಂತ ಗೊತ್ತಾದ ಮೇಲೆ ಪಾಯಸ ಯಾರ ಗಂಟಲಲ್ಲೂ ಇಳೀಲಿಲ್ಲ. ನಮ್ಮ ಊರಿನ ಕಥೆ ಗೊತ್ತುಂಟಲ್ಲ, ಒಂದು ವರ್ಷ ಉಡುಪಿ ಫಸ್ಟ್, ಇನ್ನೊಂದು ವರ್ಷ ದಕ್ಷಿಣ ಕನ್ನಡ ಫಸ್ಟ್, ಇಂಥಲ್ಲಿ 62 ಪರ್ಸೆಂಟ್ ಅಂದ್ರೆ ಬಂದವ್ರು ಮರಣದ ಮನೆಗೆ ಬಂದ ಹಾಗೆ ಮುಖ ಮಾಡ್ತಾರೆ.

ಇವ್ರು ಗಲ್ಫಲ್ಲಿ ಸ್ಟೋರ್ ಕೀಪರ್. ದಿನಾ ರಾತ್ರಿ ವೀಡಿಯೋ ಕಾಲಲ್ಲಿ ಒಂದೇ ಮಾತು, ಸೈನ್ಸಿಗೆ ಹಾಕು, ಹಾಸ್ಟೆಲ್ ಇರುವ ಕಾಲೇಜಿಗೇ ಹಾಕು, ದುಡ್ಡಿನ ಚಿಂತೆ ನಂಗಿರ್ಲಿ ಅಂತ. ನಮ್ಮ ಭಾವನದ್ದೂ ಅದೇ ರಾಗ. ಇವನು ನೋಡಿದ್ರೆ ಬಾಯಿ ಬಿಡುದಿಲ್ಲ, ಬಿಟ್ರೆ ಐಟಿಐ ಎಲೆಕ್ಟ್ರಿಷಿಯನ್ ಮಾಡ್ತೇನೆ, ಇಲ್ದಿದ್ರೆ ಡಿಪ್ಲೊಮಾ ಅಂತಾನೆ. ಮನೆಯ ಬಾವಿ ಪಂಪು ಕೆಟ್ಟಾಗ ಅವನೇ ಬಿಚ್ಚಿದ್ದು, ಮಿಕ್ಸಿ ರಿಪೇರಿ ಮಾಡ್ತಾನೆ, ಆಸಕ್ತಿ ಉಂಟು ಅಂತ ನಂಗೆ ಕಾಣ್ತದೆ. ಆದ್ರೆ ಐಟಿಐ ಅಂತ ಹೇಳಿದ ಕೂಡ್ಲೇ ಇವ್ರು ಫೋನ್ ಕಟ್ ಮಾಡ್ತಾರೆ.

ನಾನು ಟೈಲರಿಂಗ್ ಮಾಡುದು, ಪಿಯುಸಿ ಓದಿದ್ದೂ ಆರ್ಟ್ಸ್. ಈ ಪಿಸಿಎಂಬಿ ಪಿಸಿಎಂಸಿ ಎಲ್ಲ ನಂಗೆ ಬಸ್ಸಿನ ಬೋರ್ಡಿನ ಹಾಗೆ ಕಾಣುದು, ಎಲ್ಲಿಗೆ ಹೋಗ್ತದೆ ಅಂತ ಗೊತ್ತಾಗುದಿಲ್ಲ. ತಿಳಿದವ್ರು ಹೇಳಿ. ದಯಮಾಡಿ ಬೈಯ್ಬೇಡಿ.

ಚಾಕ್‌ಪೀಸ್_ಟೀಚರ್
ಮೇ 11, ರಾತ್ರಿ 10:15

ಅಕ್ಕಾ ಮೊದಲು ಪಾಯಸ ಬಿಸಿ ಮಾಡಿ ಹುಡುಗನಿಗೆ ಬಡಿಸಿ. ನಾನು ಸರಕಾರಿ ಹೈಸ್ಕೂಲಲ್ಲಿ ಗಣಿತ ಮಾಡುದು, ಹತ್ತೊಂಬತ್ತು ವರ್ಷ ಆಯ್ತು. ಪ್ರತಿ ಮೇ ತಿಂಗಳು ಸ್ಟಾಫ್ ರೂಮಿನ ಎದುರು ತಂದೆತಾಯಿಯರ ಇದೇ ಮುಖ ನೋಡುದು.

ಬಸ್ಸಿನ ಬೋರ್ಡು ಅಂದ್ರಲ್ಲ, ಹಾಗೇ ಹೇಳ್ತೇನೆ. ಪಿಸಿಎಂಬಿ ಅಂದ್ರೆ ಫಿಸಿಕ್ಸ್ ಕೆಮಿಸ್ಟ್ರಿ ಮ್ಯಾಥ್ಸ್ ಬಯಾಲಜಿ, ಡಾಕ್ಟರ್ ದಾರಿಗೂ ಇಂಜಿನಿಯರಿಂಗ್ ದಾರಿಗೂ ಆಗ್ತದೆ, ಅದಕ್ಕೇ ಎಲ್ರೂ ಅದಕ್ಕೆ ಹತ್ತುದು, ಭಾರವೂ ಹೆಚ್ಚು. ಪಿಸಿಎಂಸಿಯಲ್ಲಿ ಬಯಾಲಜಿ ಬದಲು ಕಂಪ್ಯೂಟರ್. ಕಾಮರ್ಸಲ್ಲಿ ಎಸ್‌ಇಬಿಎ, ಸಿಇಬಿಎ ಅಂತ ಉಂಟು, ಒಂದರಲ್ಲಿ ಸ್ಟಾಟಿಸ್ಟಿಕ್ಸ್, ಇನ್ನೊಂದರಲ್ಲಿ ಕಂಪ್ಯೂಟರ್, ಉಳಿದದ್ದು ಎಕನಾಮಿಕ್ಸ್ ಬಿಸಿನೆಸ್ ಅಕೌಂಟೆನ್ಸಿ. ಡಿಪ್ಲೊಮಾ ಮೂರು ವರ್ಷ. ಐಟಿಐಯಲ್ಲಿ ಎಲೆಕ್ಟ್ರಿಷಿಯನ್, ಫಿಟ್ಟರ್ ಎರಡು ವರ್ಷ, ವೆಲ್ಡರ್ ಒಂದು ವರ್ಷ.

ಈಗ ಮುಖ್ಯ ವಿಷಯ, ನಮ್ಮಲ್ಲಿ ತುಂಬ ಜನರಿಗೆ ಗೊತ್ತಿಲ್ಲ. ಎರಡು ವರ್ಷದ ಐಟಿಐ ಮುಗಿಸಿದವ ಡಿಪ್ಲೊಮಾದ ಎರಡನೇ ವರ್ಷಕ್ಕೆ ಸೇರ್ಲಿಕ್ಕೆ ಉಂಟು. ಪಿಯುಸಿ ಸೈನ್ಸ್ ಆದವನೂ ಡಿಪ್ಲೊಮಾದ ಎರಡನೇ ವರ್ಷಕ್ಕೇ ಸೇರ್ಬಹುದು. ಡಿಪ್ಲೊಮಾ ಆದವ ಡಿಸಿಇಟಿ, ಅಂದ್ರೆ ಡಿಪ್ಲೊಮಾದವ್ರ ಸಿಇಟಿ, ಬರೆದು ಬಿಇಯ ಎರಡನೇ ವರ್ಷಕ್ಕೆ ಹೋಗ್ಬಹುದು. ಅಂದ್ರೆ ಇವತ್ತು ಐಟಿಐಗೆ ಸೇರಿದ್ರೆ ಇಂಜಿನಿಯರಿಂಗ್ ಬಾಗಿಲು ಮುಚ್ಚಿತು ಅಂತ ನಿಮ್ಮ ಮನೆಯವ್ರು ಎಣಿಸಿದ್ದು ಸರಿಯಲ್ಲ. ಸುತ್ತು ದಾರಿ, ಅಷ್ಟೇ. ಕಿನ್ನಿಗೋಳಿಯಿಂದ ಮಂಗಳೂರಿಗೆ ಮೂಲ್ಕಿ ಮೇಲೂ ಹೋಗ್ಬಹುದು ಕಟೀಲು ಮೇಲೂ ಹೋಗ್ಬಹುದಲ್ಲ ಹಾಗೆ.

ಇನ್ನೊಂದು, ಮಾರ್ಕು ಕಡಿಮೆ ಅಂತ ಮನಸ್ಸಿಗೆ ಬೇಜಾರಿದ್ರೆ ಎಸ್‌ಎಸ್‌ಎಲ್‌ಸಿಯ ಎರಡನೇ ಸಲದ ಪರೀಕ್ಷೆ, ಪರೀಕ್ಷೆ-2 ಬರೆದು ಹೆಚ್ಚು ಮಾಡ್ಕೊಳ್ಳಲಿಕ್ಕೆ ಉಂಟು, ಪಾಸಾದವ್ರೂ ಬರೀಬಹುದು. ಯಾವ ಸಬ್ಜೆಕ್ಟಲ್ಲಿ ಎಷ್ಟು ಬಂದಿದೆ ಅಂತ ಹೇಳಿ.

ಬಜ್ಪೆ_ಅಣ್ಣ
ಮೇ 11, ರಾತ್ರಿ 11:02

ನಾನು ಸ್ವಲ್ಪ ಬೇರೆ ಹೇಳ್ತೇನೆ, ಕೋಪ ಮಾಡ್ಬೇಡಿ. ಈ "ಮಗುವಿನ ಆಸಕ್ತಿ, ಕೈಕೆಲಸ ಒಳ್ಳೇದು" ಅಂತ ಹೇಳುವವ್ರ ಮಕ್ಕಳು ಎಲ್ಲಿ ಓದ್ತಾ ಇದ್ದಾರೆ ಅಂತ ಒಮ್ಮೆ ಕೇಳಿ ನೋಡಿ. ನನ್ನ ಅಮ್ಮ ಬೀಡಿ ಕಟ್ಟಿ ನಮ್ಮನ್ನು ಓದಿಸಿದ್ದು. ಅಣ್ಣನಿಗೆ ಹತ್ತರಲ್ಲಿ ಇದೇ ಅರವತ್ತು ಚಿಲ್ರೆ ಪರ್ಸೆಂಟ್. ಶಾಲೆಯ ಒಬ್ರು ಮಾಸ್ಟ್ರು ಇವನನ್ನು ಗ್ಯಾರೇಜಿಗೆ ಹಾಕಿ ಅಂದ್ರು. ಅಮ್ಮ ಕೇಳ್ಲಿಲ್ಲ. ಪಿಯು ಸೈನ್ಸಿಗೆ ಹಾಕಿದ್ರು, ಮೊದಲ ವರ್ಷ ಬಿದ್ದು ಎದ್ದು ಪಾಸು, ಎರಡನೇ ವರ್ಷ 81 ಪರ್ಸೆಂಟ್, ಸಿಇಟಿಯಲ್ಲಿ ಗ್ರಾಮೀಣ ಕೋಟಾದಲ್ಲಿ ಸರಕಾರಿ ಸೀಟು. ಇವತ್ತು ಬೆಂಗಳೂರಲ್ಲಿ ಮನೆ ಮಾಡಿದ್ದಾನೆ, ಅಮ್ಮ ಬೀಡಿಯ ಮೊರ ಅಟ್ಟದ ಮೇಲೆ ಇಟ್ಟು ಹತ್ತು ವರ್ಷ ಆಯ್ತು.

ಹದಿನೈದು ವರ್ಷದ ಹುಡುಗನ ಮಾರ್ಕು ನೋಡಿ ಇವನು ಇಷ್ಟೇ ಅಂತ ಹೇಳುದು ಬೇಡ ಅಂತ ನನ್ನ ಮಾತು. ಉಳ್ಳವರ ಮಕ್ಕಳಿಗೆ 60 ಬಂದ್ರೆ ಡೊನೇಶನ್ ಕೊಟ್ಟು ಸೈನ್ಸು, ಇಲ್ಲದವರ ಮಕ್ಕಳಿಗೆ 60 ಬಂದ್ರೆ ಐಟಿಐ, ಇದು ಯಾವ ನ್ಯಾಯ?

ಮಲ್ಪೆ_ಇಂಜಿನ್
ಮೇ 12, ಬೆಳಿಗ್ಗೆ 6:20

ಅಣ್ಣಾ ನಿಮ್ಮ ಅಮ್ಮನಿಗೆ ನನ್ನ ನಮಸ್ಕಾರ. ಆದ್ರೆ ನಿಮ್ಮ ಅಣ್ಣನಿಗೆ ಸೈನ್ಸು ಬೇಕಿತ್ತಾ ಬೇಡ್ವಾ ಅದು ನೀವು ಹೇಳ್ಲಿಲ್ಲ. ಇಲ್ಲಿ ಹುಡುಗನೇ ಬೇಡ ಅಂತ ಇದ್ದಾನೆ.

ನಾನು ಐಟಿಐ ಫಿಟ್ಟರ್. ಪಣಂಬೂರು ಕಡೆ ಒಂದು ದೊಡ್ಡ ಕಂಪೆನಿಯಲ್ಲಿ ಒಂದು ವರ್ಷ ಅಪ್ರೆಂಟಿಸ್, ಸ್ಟೈಪೆಂಡ್ ಕೊಡ್ತಾರೆ, ಆಮೇಲೆ ಕೆಲಸ ಕೊಡ್ಬೇಕು ಅಂತ ಅವ್ರಿಗೆ ಏನಿಲ್ಲ, ಅದು ಮೊದಲೇ ಗೊತ್ತಿರ್ಲಿ, ತುಂಬ ಹುಡುಗ್ರು ಅಲ್ಲೇ ಪರ್ಮನೆಂಟ್ ಆಗ್ತದೆ ಅಂತ ಕನಸು ಕಾಣ್ತಾರೆ. ಆಮೇಲೆ ಏಳು ವರ್ಷ ಕತಾರ್. ಈಗ ಮಲ್ಪೆಯಲ್ಲಿ ಬೋಟಿನ ಇಂಜಿನ್ ಕೆಲಸ, ಸ್ವಂತ ವರ್ಕ್‌ಶಾಪ್. ಸಂಪಾದನೆ ಲಾಯ್ಕ ಉಂಟು, ಆದ್ರೆ ಸುಳ್ಳು ಹೇಳುದಿಲ್ಲ, ನನಗೆ 41, ಸೊಂಟ ಈಗ್ಲೇ ಹೋಗಿದೆ. ಹುಡುಗಿ ನೋಡ್ಲಿಕ್ಕೆ ಹೋದಾಗ "ಮೆಕ್ಯಾನಿಕ್ಕಾ" ಅಂತ ಕೇಳಿ ಚಹಾ ಕೊಟ್ಟು ಕಳಿಸಿದವ್ರು ಮೂರು ಮನೆಯವ್ರು. ಇದು ಯಾವ ಕರಿಯರ್ ಗೈಡೆನ್ಸಲ್ಲೂ ಹೇಳುದಿಲ್ಲ.

ಐಟಿಐ ಸೇರುದಾದ್ರೆ ಒಂದು ನೋಡಿ. ಆ ಐಟಿಐಯ ವರ್ಕ್‌ಶಾಪಿಗೆ ಹೋಗಿ ಮಿಷನ್ನಿನ ಮೇಲೆ ಕೈ ಇಡಿ. ಎಣ್ಣೆ ಪಸೆ ಉಂಟಾ, ಕಬ್ಬಿಣದ ಹುಡಿ ಬಿದ್ದಿದೆಯಾ ನೋಡಿ. ಮಿಷನ್ನು ಮದುಮಗಳ ಹಾಗೆ ಬಟ್ಟೆ ಹೊದ್ದು ಕೂತಿದ್ರೆ ಅಲ್ಲಿ ಸೇರ್ಸ್‌ಬೇಡಿ, ಸರ್ಟಿಫಿಕೇಟು ಮಾತ್ರ ಸಿಗ್ತದೆ. ನಾನು ಕಲಿತ ಕಡೆ ಲೇತು ಮೂರು ಇತ್ತು, ತಿರುಗುದು ಒಂದು, ಅದರ ಎದುರು ಇಪ್ಪತ್ತು ಹುಡುಗ್ರು ಕ್ಯೂ. ಕಲಿತದ್ದೆಲ್ಲ ಅಪ್ರೆಂಟಿಸಲ್ಲಿ.

ಕಾರ್ಕಳ_ಮೇಷ್ಟ್ರು
ಮೇ 12, ಮಧ್ಯಾಹ್ನ 1:45

ನಾನು ಪಿಯು ಕಾಲೇಜಲ್ಲಿ ಕೆಮಿಸ್ಟ್ರಿ ಪಾಠ ಮಾಡುವವ. ಸೈನ್ಸಿಗೆ ಬರ್ಬೇಡಿ ಅಂತ ಹೇಳಿದ್ರೆ ನನ್ನ ಹೊಟ್ಟೆಗೇ ಹೊಡೆತ, ಆದ್ರೂ ಹೇಳ್ತೇನೆ.

ಪ್ರತಿ ವರ್ಷ ಮೊದಲ ಟೆಸ್ಟಿನ ಪೇಪರ್ ಕೊಡುವ ದಿನ ಕ್ಲಾಸಲ್ಲಿ ಒಂದು ಮೌನ ಇರ್ತದೆ. ಹತ್ತರಲ್ಲಿ 90 ತೆಗೆದವ್ರು 11, 14 ಅಂತ ನೋಡಿ ಪೇಪರ್ ಮಡಚಿ ಮಡಚಿ ಬೆಂಕಿಪೆಟ್ಟಿಗೆಯಷ್ಟು ಮಾಡಿ ಕಿಸೆಗೆ ಹಾಕ್ತಾರೆ. ಅದ್ರಲ್ಲೂ ಕನ್ನಡ ಮೀಡಿಯಂನಿಂದ ಬಂದವ್ರದ್ದು ಪಾಪ. ಕಳೆದ ವರ್ಷ ಒಬ್ಬ ಹುಡುಗನ ಟೆಕ್ಸ್ಟ್ ಬುಕ್ ತೆಗೆದು ನೋಡಿದೆ, ಪ್ರತಿ ಸಾಲಿನ ಮೇಲೆ ಪೆನ್ಸಿಲಲ್ಲಿ ಸಣ್ಣ ಸಣ್ಣ ಕನ್ನಡ ಅಕ್ಷರ. ವೇಲೆನ್ಸಿ ಮೇಲೆ ಸಂಯೋಗ ಸಾಮರ್ಥ್ಯ, ಆಕ್ಸಿಡೇಶನ್ ಮೇಲೆ ಉತ್ಕರ್ಷಣ. ಹತ್ತನೇ ಪುಟದವರೆಗೆ ಇತ್ತು, ಆಮೇಲೆ ಖಾಲಿ. ವಿಷಯ ಅವನಿಗೆ ಗೊತ್ತಿತ್ತು, ಭಾಷೆ ಎಡವಿದ್ದು. ನವರಾತ್ರಿ ರಜೆ ದಾಟಿದ್ರೆ ಹೆಚ್ಚಿನವ್ರು ಏಳ್ತಾರೆ, ಅವನೂ ಎದ್ದ. ಆದ್ರೆ ಆ ಮೂರು ನಾಲ್ಕು ತಿಂಗಳು ತಡ್ಕೊಳ್ಳಲಿಕ್ಕೆ ಒಳಗಿಂದ ಒಂದು ಹಠ ಬೇಕು. ಅಪ್ಪ ಹೇಳಿದ್ದಕ್ಕೆ ಬಂದವ್ರಿಗೆ ಅದು ಇರುದಿಲ್ಲ.

ಬಜ್ಪೆಯವ್ರು ಹೇಳಿದ್ದು ಸುಳ್ಳಲ್ಲ. 60 ತೆಗೆದು ಬಂದು ಮೇಲೆ ಹೋದವ್ರನ್ನು ನಾನೂ ನೋಡಿದ್ದೇನೆ. ಆದ್ರೆ ಅವ್ರ ಗಣಿತದಲ್ಲಿ 80 ಇದ್ದು ಸಮಾಜ, ಹಿಂದಿಯಲ್ಲಿ 40 ಇರ್ತದೆ. ಒಟ್ಟು ಪರ್ಸೆಂಟ್ ನೋಡಿ ಎಂತದೂ ಗೊತ್ತಾಗುದಿಲ್ಲ, ಬಿಡಿಸಿ ನೋಡ್ಬೇಕು.

ಮತ್ತೆ ಹಾಸ್ಟೆಲ್ ಕಾಲೇಜು ವಿಷಯ. ಬೆಳಿಗ್ಗೆ ಐದಕ್ಕೆ ಎಬ್ಬಿಸಿ ರಾತ್ರಿ ಹನ್ನೊಂದರವರೆಗೆ ಓದಿಸಿದ್ರೆ ಓದುವ ಮಗು ಇನ್ನೂ ಓದ್ತದೆ. ಬಾರದ ಮಗು ನಿದ್ದೆ ಮಾತ್ರ ಕಳ್ಕೊಳ್ತದೆ.

ಕಿನ್ನಿಗೋಳಿ_ಅಮ್ಮ
ಮೇ 12, ರಾತ್ರಿ 9:10

ಇಷ್ಟೆಲ್ಲ ಬರೆದಿದ್ದೀರಿ, ಕಣ್ಣಲ್ಲಿ ನೀರು ಬಂತು. ಬಿಡಿಸಿ ಹೇಳ್ತೇನೆ: ಕನ್ನಡ 125ಕ್ಕೆ 82, ಇಂಗ್ಲಿಷ್ 51, ಹಿಂದಿ 58, ಗಣಿತ 74, ವಿಜ್ಞಾನ 71, ಸಮಾಜ 55. ಕನ್ನಡ ಮೀಡಿಯಂ, ಒಂದರಿಂದ ಹತ್ತರವರೆಗೆ ಊರಿನ ಶಾಲೆಯೇ.

ಕಾರ್ಕಳ_ಮೇಷ್ಟ್ರು
ಮೇ 12, ರಾತ್ರಿ 9:32

ನೋಡಿ, ಬಿಡಿಸಿದ ಮೇಲೆ ಬೇರೆಯೇ ಹುಡುಗ. ಗಣಿತ 74 ವಿಜ್ಞಾನ 71 ಇರುವವನಿಗೆ ಡಿಪ್ಲೊಮಾ ಕಷ್ಟ ಇಲ್ಲ. ಇಂಗ್ಲಿಷ್ ಮಾತ್ರ ಈ ರಜೆಯಲ್ಲೇ ಹಿಡೀಬೇಕು, ಎಲ್ಲಿಗೆ ಹೋದ್ರೂ ಬೇಕು.

ಚಾಕ್‌ಪೀಸ್_ಟೀಚರ್
ಮೇ 12, ರಾತ್ರಿ 9:50

ಅಕ್ಕಾ ಒಂದು ಕೆಲಸ ನಾಳೆಯೇ ಮಾಡಿ. ಅವನು ಒಂದರಿಂದ ಹತ್ತು ಗ್ರಾಮೀಣ ಶಾಲೆ, ಕನ್ನಡ ಮೀಡಿಯಂ ಅಂತಾದ್ರೆ ಎರಡಕ್ಕೂ ವ್ಯಾಸಂಗ ಪ್ರಮಾಣಪತ್ರ ಶಾಲೆಯಿಂದ ಬರೆಸಿ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಸಹಿ ಹಾಕಿಸಿ ಇಟ್ಕೊಳ್ಳಿ. ಪ್ರೈಮರಿ ಬೇರೆ ಶಾಲೆ ಆದ್ರೆ ಅಲ್ಲಿಂದಲೂ ಬೇಕು. ಪಿಯು ಮಾಡಿ ಸಿಇಟಿಗೆ ಹೋಗುದಾದ್ರೆ ಗ್ರಾಮೀಣಕ್ಕೆ 15 ಪರ್ಸೆಂಟ್, ಕನ್ನಡ ಮಾಧ್ಯಮಕ್ಕೆ 5 ಪರ್ಸೆಂಟ್ ಸೀಟು ಇಟ್ಟಿರ್ತಾರೆ. ಬಜ್ಪೆಯವ್ರ ಅಣ್ಣನಿಗೆ ಸಿಕ್ಕಿದ್ದು ಅದೇ. ಎರಡು ವರ್ಷ ಕಳೆದು ಹುಡುಕ್ಲಿಕ್ಕೆ ಹೋದ್ರೆ ಹೆಡ್ ಮಾಸ್ಟ್ರು ವರ್ಗ ಆಗಿರ್ತಾರೆ, ರಿಜಿಸ್ಟರಿಗೆ ಗೆದ್ದಲು ಹಿಡ್ದಿರ್ತದೆ. ಜಾತಿ ಆದಾಯ ಸರ್ಟಿಫಿಕೇಟೂ ನಾಡಕಚೇರಿಯಲ್ಲಿ ಈಗ್ಲೇ ಹಾಕಿ, ಜೂನಲ್ಲಿ ರಷ್ಷು.

ಮತ್ತೆ ಸರಕಾರಿ ಡಿಪ್ಲೊಮಾ ಅಂದ್ರೆ ನಮ್ಮಲ್ಲಿ ಕದ್ರಿಯ ಕೆಪಿಟಿ, ಅಂದ್ರೆ ಕರ್ನಾಟಕ ಪಾಲಿಟೆಕ್ನಿಕ್, 1946ರಿಂದ ಉಂಟು, ಫೀಸು ಕಡಿಮೆ, ಸೀಟಿಗೆ ಪೈಪೋಟಿ ಜಾಸ್ತಿ. ಹುಡುಗಿಯರಿಗೆ ಬೊಂದೇಲಲ್ಲಿ ಮಹಿಳಾ ಪಾಲಿಟೆಕ್ನಿಕ್ ಉಂಟು. ಬೈಕಂಪಾಡಿಯ ಜಿಟಿಟಿಸಿ ಅಂತ ಇನ್ನೊಂದು, ಸರಕಾರಿ ಟೂಲ್ ರೂಮ್ ತರಬೇತಿ ಕೇಂದ್ರ, ಅಲ್ಲಿ ಟೂಲ್ ಅಂಡ್ ಡೈ ಮೇಕಿಂಗ್ (ಕಾರ್ಖಾನೆಯ ಉಪಕರಣ, ಅಚ್ಚು ಮಾಡುವ) ಡಿಪ್ಲೊಮಾ, ಮೂರು ವರ್ಷ ಕಲಿಕೆ ಮತ್ತೊಂದು ವರ್ಷ ಕಂಪೆನಿಯಲ್ಲಿ ತರಬೇತಿ. ಫೀಸು ಸರಕಾರಿ ಪಾಲಿಟೆಕ್ನಿಕ್ಕಿಗಿಂತ ಹೆಚ್ಚು, ಆದ್ರೆ ಅಲ್ಲಿ ಮಿಷನ್ನಿಗೆ ಬಟ್ಟೆ ಹೊದಿಸಿರುದಿಲ್ಲ, ಮಲ್ಪೆಯವ್ರೇ.

ಕುಂದಾಪ್ರದ_ಹೆಣ್ಣು
ಮೇ 12, ರಾತ್ರಿ 11:28

ಆಂಟಿ ನಂದೊಂದು ಕಥೆ. ಹತ್ತರಲ್ಲಿ 601. ಯಾರೂ ಕೇಳ್ಳೇ ಇಲ್ಲ ನಂಗೆ ಎಂತ ಬೇಕು ಅಂದೇಳಿ. 600 ದಾಟಿದ್ ಮಕ್ಳಿಗೆ ಕೇಂಬುದೇ ಇಲ್ಲ, ಸೀದಾ ಪಿಸಿಎಂಬಿ, ಸೀದಾ ನೀಟ್. ಕಡಿಮೆ ಮಾರ್ಕ್ ಬಂದವ್ರಿಗೆ ಮಾತ್ರ ತೊಂದ್ರೆ ಅಂತ ಎಣಿಸ್ಬೇಡಿ, ಜಾಸ್ತಿ ಬಂದ್ರೂ ತೊಂದ್ರೆಯೇ.

ನೀಟ್ ಮೊದಲ ಸಲ ಆಗ್ಲಿಲ್ಲ. ಒಂದು ವರ್ಷ ಲಾಂಗ್ ಟರ್ಮ್ ಕೋಚಿಂಗ್, ಆ ಹಾಸ್ಟೆಲಿನ ರೂಮಲ್ಲಿ ನಾವು ಆರು ಜನ, ಗೋಡೆ ತುಂಬ ಫಾರ್ಮುಲಾ ಚೀಟಿ, ಫ್ಯಾನ್ ಹಾಕಿದ್ರೆ ಚೀಟಿ ಹಾರ್ತದೆ ಅಂತ ಸೆಕೆಯಲ್ಲೇ ಮಲಗುದು. ಎರಡನೇ ಸಲವೂ ಸರಕಾರಿ ಸೀಟಿಗೆ ಎಟುಕ್ಲಿಲ್ಲ. ಪ್ರೈವೇಟಿಗೆ ಅಪ್ಪಯ್ಯನ ಬೋಟ್ ಮಾರಿದ್ರೂ ಸಾಕಾಗ್ತಿರ್ಲಿಲ್ಲ.

ಆಗ ಸಿಇಟಿ ಕೌನ್ಸೆಲಿಂಗಲ್ಲಿ ಲಿಸ್ಟ್ ನೋಡ್ತಾ ನೋಡ್ತಾ ಕಂಡದ್ದು ಬಿಎಫ್‌ಎಸ್‌ಸಿ, ಮೀನುಗಾರಿಕೆಯ ಡಿಗ್ರಿ. ಮಂಗ್ಳೂರು ಎಕ್ಕೂರಲ್ಲಿ ಫಿಶರೀಸ್ ಕಾಲೇಜ್, 1969ರಲ್ಲಿ ಶುರು ಆದದ್ದು, ದೇಶದಲ್ಲೇ ಮೊದಲ ಫಿಶರೀಸ್ ಕಾಲೇಜು ಅದು, ಬಸ್ಸಲ್ಲಿ ಎಷ್ಟು ಸಲ ಅದರ ಎದುರಲ್ಲೇ ಹೋಗಿದ್ದೆ, ಹೆಸರು ಓದಿರ್ಲಿಲ್ಲ. ಸೀಟು ಸಿಕ್ಕಿದ ದಿನ ಅಪ್ಪಯ್ಯ ಬಿದ್ದು ಬಿದ್ದು ನಗಾಡಿದ್ರು: "ಮೀನ್ ಮಾರುದ್ ಬ್ಯಾಡ ಅಂದೇಳಿ ಓದ್ಸಿರೆ, ಕಡಿಕ್ ನೀ ಮೀನೇ ಓದುಕ್ ಹೊರ್ಟ್ಯಲೆ!"

ಈಗ ಮೂರನೇ ವರ್ಷ. ಸಿಗಡಿಗೆ ಬಪ್ಪು ಕಾಯಿಲೆ ಮೈಕ್ರೋಸ್ಕೋಪಲ್ಲಿ ಕಾಂಬುದು, ಕೆರೆ ನೀರಿನ ಆಕ್ಸಿಜನ್ ಅಳೆಯುದು, ನಂಗೆ ಖುಷಿ ಇತ್ತ್. ಆದ್ರೆ ಆ ಒಂದು ವರ್ಷ ಹೋಯ್ತಲ್ಲ. ಪಿಸಿಎಂಬಿಯಿಂದ ಡಾಕ್ಟರ್ ಬಿಟ್ಟು ಬೇರೆ ಇಷ್ಟೆಲ್ಲ ಉಂಟು, ಫಾರ್ಮಸಿ, ಕೃಷಿ, ನರ್ಸಿಂಗ್, ಮೀನು, ಅಂತ ಪಿಯು ಸೇರುವಾಗಲೇ ಒಬ್ರು ಹೇಳಿದ್ರೆ ಸಾಕಿತ್ತು.

ರಥಬೀದಿ_ಅಜ್ಜ
ಮೇ 13, ಬೆಳಿಗ್ಗೆ 5:55

ನಾನು ಬ್ಯಾಂಕಿನಲ್ಲಿ 34 ವರ್ಷ ಕೆಲಸ ಮಾಡಿ ನಿವೃತ್ತ. ಮೊಮ್ಮಗಳು ಟೈಪ್ ಮಾಡಿ ಕೊಡುತ್ತಿದ್ದಾಳೆ, ತಪ್ಪಿದ್ದರೆ ಅವಳದ್ದು.

ನಮ್ಮ ಕಾಲದಲ್ಲಿ ಕರಿಯರ್ ಗೈಡೆನ್ಸ್ ಅಂದ್ರೆ ಒಂದೇ ವಾಕ್ಯ, "ಬಿಕಾಂ ಮಾಡು, ಬ್ಯಾಂಕಿಗೆ ಸೇರು". ಅದಕ್ಕೆ ಕಾರಣವೂ ಇತ್ತು. ಅವಿಭಜಿತ ದಕ್ಷಿಣ ಕನ್ನಡ ಜಿಲ್ಲೆಯೊಂದರಲ್ಲೇ ಐದು ದೊಡ್ಡ ಬ್ಯಾಂಕ್ ಹುಟ್ಟಿತ್ತು. ಕೆನರಾ ಮತ್ತು ಕಾರ್ಪೊರೇಶನ್ 1906, ಕರ್ಣಾಟಕ 1924, ಸಿಂಡಿಕೇಟ್ 1925, ವಿಜಯಾ 1931. ಮನೆಗೊಬ್ಬ ಬ್ಯಾಂಕಿನವ. ಸರಕಾರ ಬಿದ್ದರೂ ಬ್ಯಾಂಕ್ ಬೀಳುದಿಲ್ಲ ಅಂತ ನನ್ನ ತಂದೆ ಹೇಳುತ್ತಿದ್ದರು. ಬ್ಯಾಂಕೇನೋ ಬೀಳಲಿಲ್ಲ, ಬೋರ್ಡು ಬಿತ್ತು. 2019ರಲ್ಲಿ ವಿಜಯಾ, 2020ರಲ್ಲಿ ಕಾರ್ಪೊರೇಶನ್ ಮತ್ತು ಸಿಂಡಿಕೇಟ್, ಮೂರೂ ಬೇರೆ ಬ್ಯಾಂಕಿನೊಳಗೆ ಸೇರಿಹೋಯಿತು. ನನ್ನ ಪೆನ್ಶನ್ ಪಾಸ್‌ಬುಕ್ಕಿನಲ್ಲಿ ಈಗ ಬೇರೆ ಹೆಸರು. ನಾನು ದಿನಕ್ಕೆ ನೂರು ಲೆಡ್ಜರ್ ಎಂಟ್ರಿ ಬರೆಯುತ್ತಿದ್ದೆ, ಆ ಕೆಲಸವೇ ಈಗ ಇಲ್ಲ.

ಆದ್ದರಿಂದ ತಂದೆಯವರು "ಇದು ಭದ್ರ" ಅಂತ ಹೇಳುವುದನ್ನು ಅರ್ಧ ಕಿವಿಯಲ್ಲಿ ಕೇಳಿ. ಅವರು ಹೇಳುವುದು ಅವರ ಕಾಲದ ಭದ್ರ.

(ಅಜ್ಜ ನನ್ನನ್ನು ಸಿಎ ಮಾಡು ಅಂತ ದಿನಾ ಹೇಳ್ತಾರೆ, ಅದನ್ನು ಇಲ್ಲಿ ಬರೆಸ್ಲಿಲ್ಲ. — ಮೊಮ್ಮಗಳು)

ಬಜ್ಪೆ_ಅಣ್ಣ
ಮೇ 13, ಬೆಳಿಗ್ಗೆ 8:15

ಅಜ್ಜನ ಮೊಮ್ಮಗಳಿಗೆ ಲೈಕ್ 😄

ಸಿಎ ಬಗ್ಗೆ ಯಾರಾದ್ರೂ ಕೇಳುದಿದ್ರೆ, ನನ್ನ ಹೆಂಡತಿ ಅದರಲ್ಲೇ ಇರುವವಳು. ಹತ್ತು ಆದ ಮೇಲೆ ಹೆಸರು ನೋಂದಾಯಿಸ್ಲಿಕ್ಕೆ ಉಂಟು, ಆದ್ರೆ ಮೊದಲ ಹಂತದ ಪರೀಕ್ಷೆ ಫೌಂಡೇಶನ್ ಬರೆಯುದು ಪಿಯುಸಿ ಆದ ಮೇಲೆಯೇ. ಪ್ರತಿ ಪೇಪರಲ್ಲಿ 40, ಒಟ್ಟಿಗೆ 50 ಪರ್ಸೆಂಟ್ ಬೇಕು. ಪಾಸಾಗುವವ್ರಿಗಿಂತ ಮತ್ತೆ ಬರೆಯುವವ್ರೇ ಜಾಸ್ತಿ, ತಾಳ್ಮೆ ಇದ್ರೆ ಮಾತ್ರ ಬನ್ನಿ ಅಂತಾಳೆ.

ಕಿನ್ನಿಗೋಳಿಯ ಅಕ್ಕಾ, ನಿನ್ನೆ ನಾನು ಸ್ವಲ್ಪ ಗರಂ ಆಗಿ ಬರೆದೆ. ಮಲ್ಪೆಯವ್ರು ಕೇಳಿದ ಪ್ರಶ್ನೆಗೆ ರಾತ್ರಿ ಅಣ್ಣನಿಗೇ ಫೋನ್ ಮಾಡಿದೆ. ನಿನಗೆ ಆಗ ಸೈನ್ಸ್ ಬೇಕಿತ್ತಾ ಅಂತ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ನಂಗೆ ಗ್ಯಾರೇಜ್ ಬೇಡ ಅಂತ ಮಾತ್ರ ಗೊತ್ತಿತ್ತು ಅಂದ. ಅದೂ ಒಂದು ಉತ್ತರವೇ ಅಲ್ವಾ. ಆದ್ರೂ ನನ್ನ ಮಾತು ನಾನು ಹಿಂದೆ ತೆಗೊಳ್ಳುದಿಲ್ಲ, ಒಮ್ಮೆ ಅವನತ್ರ ಕೇಳಿ, ಸೈನ್ಸ್ ಬೇಡ ಅಂತ ಹೇಳುದು ಇಷ್ಟ ಇಲ್ಲದ್ದಕ್ಕಾ ಹೆದರಿಕೆಗಾ. ಹೆದರಿಕೆಗೆ ಆದ್ರೆ ಬೇರೆ ವಿಷಯ.

ಕಿನ್ನಿಗೋಳಿ_ಅಮ್ಮ
ಮೇ 13, ರಾತ್ರಿ 8:47

ಕೇಳಿದೆ. ನಾನೇ ಬರೀತೇನೆ ಕೊಡು ಫೋನು ಅಂದ. ಕೆಳಗಿನದ್ದು ಅವನೇ ಬರೆದದ್ದು, ನಾನು ಮುಟ್ಟಿಲ್ಲ.

ಎಲ್ಲರಿಗೂ ನಮಸ್ತೆ. ನಾನೇ ಆ 391. ಅಮ್ಮ ಒಂದು ವಿಷಯ ಪೂರ್ತಿ ಹೇಳಿಲ್ಲ. ಪಂಪು ನಾನು ಬಿಚ್ಚಿದ್ದು ಹೌದು, ಜೋಡಿಸ್ಲಿಕ್ಕೆ ಆಗಿಲ್ಲ. ಆನ್ ಮಾಡಿದ್ರೆ ಗುಂಯ್ ಅಂತ ಶಬ್ದ ಮಾತ್ರ, ತಿರುಗುದಿಲ್ಲ. ಕೆಪಾಸಿಟರ್ ಹೋಗಿದೆ ಅಂತ ಯೂಟ್ಯೂಬ್ ನೋಡಿ ಹೊಸದು ಹಾಕಿದೆ, ಆದ್ರೂ ಗುಂಯ್. ಆಮೇಲೆ ಮುಂದಿನ ಭಾಗ ಬಿಚ್ಚಿ ಇಂಪೆಲ್ಲರಿನ (ನೀರು ತಳ್ಳುವ ಚಕ್ರದ) ನಟ್ಟು ತೆಗೀಲಿಕ್ಕೆ ಹೋದೆ, ಬರ್ಲಿಲ್ಲ, ಪೈಪ್ ಹಾಕಿ ಜೋರು ತಿರುಗಿಸಿದೆ, ಥ್ರೆಡ್ಡೇ ಹೋಯ್ತು. ಮತ್ತೆ ಎಲೆಕ್ಟ್ರಿಷಿಯನ್ ಅಂಕಲ್ ಬಂದು ಸರಿ ಮಾಡಿದ್ದು, ಮೂರು ದಿನ ಅಮ್ಮ ಬಾವಿಯಿಂದ ನೀರು ಸೇದಿದ್ದು. ಅದಕ್ಕೇ ನಂಗೆ ಕಲೀಬೇಕು ಅಂತ ಆದದ್ದು. ಸೈನ್ಸ್ ಹೆದರಿಕೆ ಸ್ವಲ್ಪ ಉಂಟು, ಇಂಗ್ಲಿಷ್ ಹೆದರಿಕೆ ಜಾಸ್ತಿ ಉಂಟು. ಆದ್ರೆ ಹೆದರಿಕೆ ಇಲ್ದಿದ್ರೂ ಬಯಾಲಜಿ ನಂಗೆ ಬೇಡ.

ಮಲ್ಪೆ_ಇಂಜಿನ್
ಮೇ 13, ರಾತ್ರಿ 9:05

ತಮ್ಮಾ! ಅಮ್ಮ ನೀರು ಸೇದಿದ್ದನ್ನೂ ಸೇರಿಸಿ ಬರೆದ್ಯಲ್ಲ, ಅರ್ಧ ಮೆಕ್ಯಾನಿಕ್ ನೀನು ಆಗ್ಲೇ ಆದೆ. ಕೇಳು. ಗುಂಯ್ ಅಂತ ಶಬ್ದ ಬಂದು ತಿರುಗದಿದ್ರೆ ಕೆಪಾಸಿಟರ್ ತರ್ಲಿಕ್ಕೆ ಅಂಗಡಿಗೆ ಓಡುದಲ್ಲ. ಮೊದಲು ಮೇನ್ ಆಫ್ ಮಾಡು, ಹಿಂದೆ ಫ್ಯಾನಿನ ಕವರ್ ತೆಗೆದು ಕೈಯಲ್ಲಿ ತಿರುಗಿಸಿ ನೋಡು. ಸಲೀಸು ತಿರುಗಿದ್ರೆ ಕರೆಂಟಿನ ಕಡೆ ನೋಡ್ಬೇಕು, ಬಿಗಿ ಇದ್ರೆ ಜಾಮ್. ನಿಂದು ಜಾಮ್ ಆಗಿದ್ದಿರ್ಬೇಕು, ಬೇಸಿಗೆಯಲ್ಲಿ ಓಡಿಸದೆ ಇಟ್ರೆ ತುಕ್ಕು ಹಿಡೀತದೆ. ಮತ್ತೆ ಕೆಲವು ಪಂಪಲ್ಲಿ ಇಂಪೆಲ್ಲರಿನ ನಟ್ಟು ಲೆಫ್ಟ್ ಥ್ರೆಡ್, ಉಲ್ಟಾ ತಿರುಗಿಸ್ಬೇಕು. ನೀನು ತೆಗೀತೇನೆ ಅಂತ ಎಣಿಸಿ ಬಿಗಿ ಮಾಡಿದ್ದೀ!! ಹಳೇ ಕೆಪಾಸಿಟರ್ ಮುಟ್ಟುವಾಗ ಡಿಸ್‌ಚಾರ್ಜ್ ಮಾಡಿದ್ಯಾ? ಮಾಡಿರ್ಲಿಕ್ಕಿಲ್ಲ. ಇನ್ನೊಮ್ಮೆ ಹಾಗೆ ಮುಟ್ಬೇಡ, ಸ್ವಿಚ್ ಆಫ್ ಆದ್ರೂ ಅದರೊಳಗೆ ಕರೆಂಟ್ ಇರ್ತದೆ, ಒದೀತದೆ.

ಅಕ್ಕಾ, ಜೂನ್ ಒಂದರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟಿಗೆ ಮೀನುಗಾರಿಕೆ ಬಂದ್. ಆಗಲೇ ನಮ್ಗೆ ಕೆಲಸದ ಸೀಸನ್, ಬೋಟೆಲ್ಲ ದಡಕ್ಕೆ, ಇಂಜಿನ್ ಎಲ್ಲ ಮೇಲೆ. ಮನೆಯ ದೊಡ್ಡವ್ರು ಯಾರಾದ್ರೂ ಒಟ್ಟಿಗೆ ಬಂದು ಎರಡು ಮೂರು ದಿನ ಅವನು ಸುಮ್ನೆ ನಿಂತು ನೋಡ್ಲಿ. ಕೆಲಸಕ್ಕಲ್ಲ, ಈ ಪ್ರಾಯದವನನ್ನು ಕೆಲಸಕ್ಕೆ ಇಟ್ರೆ ನನ್ನನ್ನು ಒಳಗೆ ಹಾಕ್ತಾರೆ, ನೋಡ್ಲಿಕ್ಕೆ ಮಾತ್ರ. ಗ್ರೀಸು, ಸೆಕೆ, ಓನರಿನ ಬೈಗುಳ, ಎಲ್ಲ ನೋಡಿದ ಮೇಲೂ ಬೇಕು ಅಂತ ಹೇಳಿದ್ರೆ ಆಮೇಲೆ ಯೋಚ್ನೆ ಮಾಡಿ. ನಂಬರ್ ಮೆಸೇಜಲ್ಲಿ ಕಳಿಸ್ತೇನೆ.

ಕುಂದಾಪ್ರದ_ಹೆಣ್ಣು
ಮೇ 13, ರಾತ್ರಿ 9:30

391 ತಮ್ಮ, "ನಂಗೆ ಬೇಡ" ಅಂತ ಹದಿನೈದು ವರ್ಷಕ್ಕೇ ಹೇಳುಕೆ ಬಂತಲ್ಲ ನಿಂಗೆ. ನಂಗೆ ಹತ್ತೊಂಬತ್ತಾಯ್ತು.

ಚಾಕ್‌ಪೀಸ್_ಟೀಚರ್
ಮೇ 13, ರಾತ್ರಿ 10:04

ಒಂದು ಮಾತು ಮಲ್ಪೆಯವ್ರಿಗೆ. ನೀವು ಕೊಟ್ಟ ಪಾಠ ರಜೆ ಕಳೆದ ಮೇಲೆ ನನ್ನ ಕ್ಲಾಸಿಗೆ ಕದೀತೇನೆ.

ಅಕ್ಕಾ, ಡಿಪ್ಲೊಮಾಕ್ಕೂ ಐಟಿಐಗೂ ಎರಡಕ್ಕೂ ಅರ್ಜಿ ಹಾಕಿ. ಪಿಯುಗೂ ಒಂದು ಫಾರ್ಮ್ ತೆಗೆದಿಡಿ, ಮನೆಯವ್ರ ಸಮಾಧಾನಕ್ಕೆ. ಆದ್ರೆ ದೊಡ್ಡ ಹಾಸ್ಟೆಲ್ ಕಾಲೇಜಿಗೆ ಈಗ್ಲೇ ದುಡ್ಡು ಕಟ್ಬೇಡಿ. ಸೀಟು ಬೇಡ ಅಂತ ಹೋದ್ರೆ ವಾಪಸು ಸಿಗುದು ಸುಲಭ ಇಲ್ಲ. ನಮ್ಮ ಶಾಲೆಯ ಒಬ್ಬಳ ಅಪ್ಪ ಒಂದು ಕಡೆ ಮೂವತ್ತು ಸಾವಿರಕ್ಕೆ ಇನ್ನೂ ಅಲೆದಾಡ್ತಾ ಇದ್ದಾರೆ.

ಕಿನ್ನಿಗೋಳಿ_ಅಮ್ಮ
ಜೂನ್ 14, ರಾತ್ರಿ 10:20

ಒಂದು ತಿಂಗಳಾಯ್ತು, ಏನಾಯ್ತು ಅಂತ ಕೆಲವ್ರು ಮೆಸೇಜ್ ಮಾಡಿ ಕೇಳಿದ್ರು, ಅದಕ್ಕೆ ಬರೀತಾ ಇದ್ದೇನೆ.

ನನ್ನ ತಮ್ಮ, ಅಂದ್ರೆ ಮಗನ ಸೋದರಮಾವ, ಅವನನ್ನು ಕರ್ಕೊಂಡು ಹೋಗಿ ಮಲ್ಪೆಯಲ್ಲಿ ಮೂರು ದಿನ ನಿಂತು ಬಂದ್ರು. ಬೆಳಿಗ್ಗೆ ಆರೂವರೆ ಬಸ್ಸಿಗೆ ಹೋಗಿ ರಾತ್ರಿ ಬರುದು. ಅಂಗಿಯ ಡೀಸೆಲ್ ವಾಸನೆ ಎರಡು ಸಲ ನೆನೆಹಾಕಿ ತೊಳೆದ್ರೂ ಹೋಗ್ಲಿಲ್ಲ. ಮೊದಲ ದಿನ ಬಂದು ಮಾತೇ ಆಡ್ಲಿಲ್ಲ, ನಾನು ಆಯ್ತು ಇವನಿಗೆ ಸಾಕಾಯ್ತು ಅಂತ ಎಣಿಸಿದೆ. ಎರಡನೇ ದಿನ ಊಟಕ್ಕೆ ಕೂತು ತಟ್ಟೆಯಲ್ಲೇ ಅನ್ನ ಗುಡ್ಡೆ ಮಾಡಿ ಪಿಸ್ಟನ್ ಹೇಗೆ ಮೇಲೆ ಕೆಳಗೆ ಹೋಗ್ತದೆ ಅಂತ ತೋರಿಸಿದ. ಮೂರನೇ ದಿನ ಹೇಳಿದ, ಅಮ್ಮಾ ಬೋಟಿನ ಕೆಲಸ ನಂಗೆ ಬೇಡ, ತುಂಬ ಭಾರ, ಆದ್ರೆ ಅಲ್ಲಿ ಒಬ್ರು ವೈರಿಂಗ್ ಪ್ಯಾನೆಲ್ ಮಾಡ್ಲಿಕ್ಕೆ ಬಂದಿದ್ರು, ಅದು ಬೇಕು ಅಂತ. ಮಲ್ಪೆಯವ್ರು ಅದನ್ನು ಕೇಳಿ ಬೇಜಾರು ಮಾಡ್ಲಿಲ್ಲ, ಮಧ್ಯಾಹ್ನ ಬಂಗುಡೆ ಫ್ರೈ ಊಟವೂ ಕೊಡಿಸಿದ್ದಾರೆ, ನಿಮ್ಮ ಉಪಕಾರ ಮರೆಯುದಿಲ್ಲ ಅಣ್ಣಾ.

ಅರ್ಜಿ ಎರಡೂ ಹಾಕಿದ್ದೇವೆ. ಕದ್ರಿಯಲ್ಲಿ ಎಲೆಕ್ಟ್ರಿಕಲ್ ಸಿಗುದು ಕಷ್ಟ ಅಂತ ಹೇಳ್ತಾರೆ. ಬೇರೆ ಕಡೆ ಮೆಕ್ಯಾನಿಕಲ್ ಸಿಕ್ಕಿದ್ರೂ ಬೇಡ, ಎಲೆಕ್ಟ್ರಿಷಿಯನ್ ಐಟಿಐ ಮಾಡಿ ಆಮೇಲೆ ಎರಡನೇ ವರ್ಷಕ್ಕೆ ಸೇರ್ತೇನೆ ಅಂತ ಇವನ ಲೆಕ್ಕ. ಟೀಚರ್ ಹೇಳಿದ ಸುತ್ತು ದಾರಿ ಪೂರ್ತಿ ಬಾಯಿಪಾಠ ಮಾಡಿ ಇಟ್ಕೊಂಡಿದ್ದಾನೆ. ಬಿಇಒ ಸಹಿಯೂ ಆಯ್ತು. ಇಂಗ್ಲಿಷಿಗೆ ಆಚೆಮನೆಯ 608 ಬರ್ತಾಳೆ, ದಿನಕ್ಕೆ ಒಂದು ಗಂಟೆ. ಅವಳಿಗೂ ಪಿಸಿಎಂಬಿ ಬೇಡ, ಸೈಕಾಲಜಿ ಓದ್ಬೇಕು ಅಂತ ಉಂಟಂತೆ, ಮನೆಯಲ್ಲಿ ಇನ್ನೂ ಹೇಳಿಲ್ಲ. ನೀವ್ಯಾರೂ ಹೇಳ್ಬೇಡಿ.

ಇವ್ರು ಇನ್ನೂ ಆಯ್ತು ಅಂತ ಹೇಳಿಲ್ಲ. ನಿನ್ನೆ ರಾತ್ರಿ ವೀಡಿಯೋ ಕಾಲಲ್ಲಿ ಇಲ್ಲಿ ಬಂದದ್ದೆಲ್ಲ ಓದಿ ಹೇಳಿದೆ, ಬಜ್ಪೆಯವ್ರದ್ದೂ ಬಿಡದೆ. ತುಂಬ ಹೊತ್ತು ಏನೂ ಮಾತಿಲ್ಲ. ಫೋನ್ ಕಟ್ ಆಯ್ತಾ ಅಂತ ನೋಡಿದೆ, ಇಲ್ಲ. ಮತ್ತೆ ಕೇಳಿದ್ರು, "ಆ ನಟ್ಟು ಹೌದಾ ಲೆಫ್ಟ್ ಥ್ರೆಡ್ಡಾ? ಅವನಿಗೆ ಫೋನ್ ಕೊಡು."